ಅಪ್‌ಡೇಟ್: ಈಜುಕೊಳದ ಟೈಲ್ಸಿನ ಬಿಳಿ ಪೊರೆ, ಏಣಿಯ ತುಕ್ಕು ಚುಕ್ಕೆ

ಕಾರವಾರದ ಈಜುಕೊಳದಲ್ಲಿ ನೀರಿನ ಅಂಚಿನ ಟೈಲ್ಸಿಗೆ ಕೂತ ಬಿಳಿ ಪೊರೆ, ಸ್ಟೀಲ್ ಏಣಿಯ ಕಂದು ಚುಕ್ಕೆ ತೆಗೆಯೋದು ಹೇಗೆ ಅಂತ ಕೇಳಿದ್ದೆ. ಎರಡೂ ಹೋಯ್ತು.

ಕೊಳದ ನೀರನ್ನು ನಾಲ್ಕು ಬೆರಳು ಇಳಿಸಿ, ಬೇರೆ ಬಕೆಟ್ಟಿನಲ್ಲಿ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಟೈಲ್ಸಿಗೆ 10 ನಿಮಿಷ ಅಂಟಿಸಿಟ್ಟರೆ ಆ ಬಿಳಿ ಪೊರೆಯ ಸುಣ್ಣ ಮೆತ್ತಗಾಗುತ್ತದೆ. ಆಮೇಲೆ ನೈಲಾನ್ ಬ್ರಷ್ ಸಾಕು. ಜಾಸ್ತಿ ಹೊತ್ತು ಬಿಡಬೇಡಿ, ಸಂದಿನ ಸಿಮೆಂಟೂ ಕರಗುತ್ತದೆ. ಕ್ಲೋರಿನ್ ಪುಡಿ ಹತ್ತಿರ ಬೇಡವೇ ಬೇಡ. ಅದಕ್ಕೆ ಆಸಿಡ್ ತಾಗಿದರೆ ವಿಷಗಾಳಿ.

ಏಣಿಗೂ ಅದೇ ಸಿಟ್ರಿಕ್ ನೀರು, ಸ್ಟೀಲ್ ಮೇಲಿನ ಸಣ್ಣ ಗೆರೆ ಹೋದ ದಿಕ್ಕಿಗೇ ಉಜ್ಜಬೇಕು. ಮೊದಲು ಕಬ್ಬಿಣದ ನಾರಿನಲ್ಲಿ ತಿಕ್ಕಿದ್ದೇ ಎಡವಟ್ಟು: ಅದರ ಚೂರು ಗೀರಿನಲ್ಲಿ ಉಳಿದು ತುಕ್ಕು ಹಿಡಿದಿತ್ತು. ಏಣಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು, ಈ ಉಪ್ಪುಗಾಳಿಗೆ ತುಕ್ಕನ್ನು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆ ಬೇಕಿತ್ತು. ಬದಲಿಸುವ ತನಕ ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆದು ಒರೆಸೋದು.