ವೈರ್‌ಲೆಸ್ ಬಿಪಿ ಸೆನ್ಸರ್: ಗ್ರಾಫ್ ಬರುತ್ತದೆ, ಬಿಪಿ ಅಂಕಿ ಬರುವುದಿಲ್ಲ

ವಿಜ್ಞಾನ_ಟೀಚರ್

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಹತ್ತನೇ ತರಗತಿಗೆ ಈಗ ಹೃದಯ, ರಕ್ತನಾಳದ ಪಾಠ. 120/80 ಅಂತ ಓದಿಸಿ ಮುಂದೆ ಹೋಗುವ ಬದಲು ಮಕ್ಕಳೇ ಅಳೆದು ನೋಡಲಿ ಅಂತ ಒಂದು ವೈರ್‌ಲೆಸ್ ಬಿಪಿ ಸೆನ್ಸರ್ ತರಿಸಿದೆವು. ತೋಳಿಗೆ ಪಟ್ಟಿ ಸುತ್ತಿ, ಕೈಯಿಂದ ಬಲ್ಬ್ ಒತ್ತಿ ಗಾಳಿ ತುಂಬುವ ಮಾದರಿ. ಒತ್ತಡದ ಗ್ರಾಫ್ ಬ್ಲೂಟೂತ್‌ನಲ್ಲಿ ಟ್ಯಾಬ್‌ಗೆ ಬರುತ್ತದೆ.

ತೊಂದರೆ ಎರಡಿದೆ. ನಮ್ಮ ಹಳೇ ಟ್ಯಾಬ್‌ಗೆ ಸೆನ್ಸರ್ ಕಾಣಿಸುವುದೇ ಇಲ್ಲ. ಹೊಸ ಟ್ಯಾಬ್‌ನಲ್ಲಿ ಗ್ರಾಫ್ ಬರುತ್ತದೆ, ಆದರೆ ಬಿಪಿ ತೋರಿಸುವ ಜಾಗ ಖಾಲಿ. ಇವತ್ತು ಆರು ಮಕ್ಕಳಿಗೆ ಹಾಕಿದೆ. ಇಬ್ಬರಿಗೆ ಮಾತ್ರ ಅಂಕಿ ಬಂತು. ಅದರಲ್ಲೂ ಒಬ್ಬಳಿಗೆ ಮೇಲಿನ ಅಂಕಿ ಮೊದಲು 98, ಐದು ನಿಮಿಷ ಬಿಟ್ಟು 131. ಸೆನ್ಸರೇ ಕೆಟ್ಟಿದೆಯಾ? ನಾಡಿದ್ದು ಬಿ ಸೆಕ್ಷನ್ನಿಗೆ ಮಾಡಿಸಬೇಕು.

ಟ್ಯಾಬ್_ರಿಪೇರಿ

ಮೇಡಂ, ಹಳೇ ಟ್ಯಾಬ್‌ನಲ್ಲಿ ಆಂಡ್ರಾಯ್ಡ್ ಎಷ್ಟನೇ ವರ್ಷನ್ ಇದೆ ನೋಡಿ. 6ರಿಂದ 11ರವರೆಗಿನದ್ದಾದರೆ ಲೊಕೇಶನ್ ಆನ್ ಇರಬೇಕು, ಆ್ಯಪ್‌ಗೆ ಅದರ ಅನುಮತಿಯೂ ಕೊಟ್ಟಿರಬೇಕು. ಇಲ್ಲದಿದ್ದರೆ ಇಂಥ ಸೆನ್ಸರ್‌ಗಳು ಹುಡುಕಿದರೂ ಸಿಗುವುದಿಲ್ಲ. 12 ಅಥವಾ ಅದರ ನಂತರದ್ದಾದರೆ ಅನುಮತಿಗಳಲ್ಲಿ ‘ಹತ್ತಿರದ ಸಾಧನಗಳು’ ಅಂತ ಇರುತ್ತದೆ, ಅದನ್ನು ಒಪ್ಪಿಕೊಳ್ಳಿ. ಇನ್ನೊಂದು, ಬ್ಲೂಟೂತ್ ಸೆಟ್ಟಿಂಗ್‌ಗೆ ಹೋಗಿ ಪೇರ್ ಮಾಡಬೇಡಿ. ಆ್ಯಪ್ ಒಳಗಿನಿಂದಲೇ ಜೋಡಿಸಿ. ಹೊಸ ಟ್ಯಾಬ್ ಮೊದಲೇ ಹಿಡಿದುಕೊಂಡಿದ್ದರೆ ಹಳೆಯದಕ್ಕೆ ಕಾಣಿಸದೇ ಇರಬಹುದು, ಅಲ್ಲಿ ಬಿಡಿಸಿ ಆಮೇಲೆ ಪ್ರಯತ್ನಿಸಿ.

ಫಿಸಿಕ್ಸ್_ಮೇಷ್ಟ್ರು

ಕೆಟ್ಟಿದೆ ಅನ್ನುವ ಮೊದಲು ಒಂದು ಕೇಳುತ್ತೇನೆ. ಗಾಳಿ ತುಂಬಿದ ಮೇಲೆ ಗ್ರಾಫ್ ಹೇಗೆ ಇಳಿಯುತ್ತದೆ? ಎಷ್ಟು ಸೆಕೆಂಡು ತಗೊಳ್ಳುತ್ತದೆ?

ವಿಜ್ಞಾನ_ಟೀಚರ್

ಟ್ಯಾಬ್ ಸರ್, ಲೊಕೇಶನ್ ಆಫ್ ಇತ್ತು. ಆನ್ ಮಾಡಿದ ಕೂಡಲೇ ಸಿಕ್ಕಿತು, ತುಂಬಾ ಥ್ಯಾಂಕ್ಸ್.

ಮೇಷ್ಟ್ರೇ, ಉಳಿಸಿದ ಗ್ರಾಫ್‌ಗಳನ್ನು ಈಗ ನೋಡಿದೆ. 160ರಿಂದ 40ಕ್ಕೆ ಸುಮಾರು 5 ಸೆಕೆಂಡಿನಲ್ಲಿ ಬಿದ್ದಿದೆ. ಬಲ್ಬಿನ ಪಕ್ಕದ ತಿರುಪನ್ನು ಮಕ್ಕಳು ಪೂರ್ತಿ ತಿರುಗಿಸಿಬಿಡುತ್ತಾರೆ. ಅಂಕಿ ಬಂದ ಎರಡರಲ್ಲಿ ಮಾತ್ರ ಗೆರೆ ಸ್ವಲ್ಪ ಓರೆಯಾಗಿ ಇಳಿದಿದೆ.

ಫಿಸಿಕ್ಸ್_ಮೇಷ್ಟ್ರು

ಹಾಗಾದರೆ ಸೆನ್ಸರ್ ಚೆನ್ನಾಗಿದೆ ಮೇಡಂ. ಅದಕ್ಕೆ ಲೆಕ್ಕ ಹಾಕಲು ನಾಡಿಬಡಿತಗಳೇ ಸಿಕ್ಕಿಲ್ಲ.

ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಕೇಳುವ ಸದ್ದನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ವಿವರಿಸಿದರು. ಈ ಸೆನ್ಸರ್ ಸದ್ದು ಕೇಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ಪ್ರತಿ ಬಡಿತಕ್ಕೂ ರಕ್ತನಾಳ ಪಟ್ಟಿಯನ್ನು ಸ್ವಲ್ಪ ತಳ್ಳುತ್ತದೆ. ಗ್ರಾಫ್‌ನಲ್ಲಿ ಅದು ಸಣ್ಣ ಅಲೆ. ಮೊದಲು ಅಲೆಗಳು ಚಿಕ್ಕದಿರುತ್ತವೆ, ಬರಬರುತ್ತಾ ದೊಡ್ಡದಾಗುತ್ತವೆ, ಮತ್ತೆ ಚಿಕ್ಕದಾಗುತ್ತವೆ. ಅತಿ ದೊಡ್ಡ ಅಲೆ ಇರುವ ಜಾಗವೇ ಸರಾಸರಿ ರಕ್ತದೊತ್ತಡ. ಮೇಲಿನ, ಕೆಳಗಿನ ಅಂಕಿಗಳನ್ನು ಆ್ಯಪ್ ಅಕ್ಕಪಕ್ಕದ ಅಲೆಗಳ ಗಾತ್ರದಿಂದ ಅಂದಾಜು ಮಾಡುತ್ತದೆ.

ಈಗ ಲೆಕ್ಕ ನೋಡಿ. ನಾಡಿ ನಿಮಿಷಕ್ಕೆ 80 ಅಂದುಕೊಳ್ಳಿ. 5 ಸೆಕೆಂಡಿನಲ್ಲಿ ಸಿಗುವುದು ಆರೇಳು ಬಡಿತ. ಸೆಕೆಂಡಿಗೆ 3 ಮಿ.ಮೀ. ಪಾದರಸದಂತೆ ಇಳಿಸಿದರೆ 120 ಮಿ.ಮೀ. ಇಳಿಯಲು 40 ಸೆಕೆಂಡು ಬೇಕು, 53 ಬಡಿತ ಸಿಗುತ್ತದೆ. ತಿರುಪನ್ನು ಕೂದಲೆಳೆಯಷ್ಟೇ ಸಡಿಲಿಸಿ. ಬಲ್ಬ್ ಹಿಡಿದವರು ಗ್ರಾಫ್ ನೋಡುತ್ತಾ ಇರಲಿ. ಮಕ್ಕಳಿಗೆ 160ರ ಆಸುಪಾಸು ಸಾಕು. ತುಂಬಿದ ಗಾಳಿ ಹಾಗೇ ಹಿಡಿದು ನಿಲ್ಲಬೇಡಿ, ಕೈ ಜೋಮು ಹಿಡಿಯುತ್ತದೆ.

98 ಮತ್ತು 131ರ ಬಗ್ಗೆ: ಎರಡು ಸಲವೂ ಕೂತಿದ್ದಳಾ? ಕೈ ಎಲ್ಲಿತ್ತು?

ವಿಜ್ಞಾನ_ಟೀಚರ್

ಮೊದಲ ಸಲ ಕೂತಿದ್ದಳು, ಕೈ ಮೇಜಿನ ಮೇಲೆ. ಎರಡನೇ ಸಲ ನಿಂತಿದ್ದಳು, ಕೈ ಇಳಿಬಿಟ್ಟಿದ್ದಳು. ಸುತ್ತಲೂ ಹುಡುಗಿಯರು ಮಾತಾಡಿಸುತ್ತಿದ್ದರು.

ವಾರ್ಡ್_ಸಿಸ್ಟರ್

ಟೀಚರ್, ಮಾತಾಡಿದರೂ ನಕ್ಕರೂ ಬಿಪಿ ಜಾಸ್ತಿ ಬರುತ್ತದೆ. ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನು ಒರಗಿರಲಿ, ಪಾದ ನೆಲಕ್ಕೆ ತಾಗಿರಲಿ, ಪಟ್ಟಿ ಎದೆಯ ಮಟ್ಟಕ್ಕಿರಲಿ. ಚೂಡಿದಾರದ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ. ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೂ ತಪ್ಪೇ, ಅದೇ ಒಂದು ಕಟ್ಟಿನ ಹಾಗಾಗುತ್ತದೆ. ಪಟ್ಟಿಯ ಮೇಲೆ ತೋಳಿನ ಅಳತೆ ಬರೆದಿರುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಹಾಕಿದರೆ ಅಂಕಿ ಕಡಿಮೆ ಬರುತ್ತದೆ, ದಪ್ಪ ತೋಳಿಗೆ ಚಿಕ್ಕದು ಹಾಕಿದರೆ ಜಾಸ್ತಿ.

ಇನ್ನೊಂದು ಮಾತು ಹೇಳಲೇಬೇಕು. ಅಂಕಿಯನ್ನು ಹೆಸರಿನ ಜೊತೆ ಬೋರ್ಡ್ ಮೇಲೆ ಬರೆಯಬೇಡಿ. ಇಷ್ಟವಿಲ್ಲದ ಮಗುವಿಗೆ ಬಲವಂತ ಬೇಡ. ಇದು ಪಾಠದ ಉಪಕರಣ, ರೋಗ ಹೇಳುವುದಲ್ಲ. ಸರಿಯಾಗಿ ಅಳೆದ ಮೇಲೂ ಯಾರಿಗಾದರೂ ಜಾಸ್ತಿ ಬಂದರೆ ತರಗತಿಯಲ್ಲಿ ಏನೂ ಹೇಳದೆ ಮನೆಯವರಿಗೆ ತಿಳಿಸಿ, ಆರೋಗ್ಯ ಕೇಂದ್ರದಲ್ಲಿ ತೋರಿಸಲಿ.

ಫಿಸಿಕ್ಸ್_ಮೇಷ್ಟ್ರು

ಸಿಸ್ಟರ್ ಹೇಳಿದ ಎದೆಯ ಮಟ್ಟದ ವಿಷಯವನ್ನೇ ಪ್ರಯೋಗ ಮಾಡಿ ಮೇಡಂ. ರಕ್ತವೂ ನೀರಿನ ಹಾಗೆ ಒಂದು ಕಂಬ. ತೋಳು 10 ಸೆಂ.ಮೀ. ಮೇಲೆ ಹೋದರೆ ಅಂಕಿ ಹೆಚ್ಚುಕಡಿಮೆ 8 ಇಳಿಯಬೇಕು.

ಸೆನ್ಸರ್ ಮೇಲೆ ಇನ್ನೂ ಅನುಮಾನವಿದ್ದರೆ ಗಾರೆ ಕೆಲಸದವರ ಲೆವೆಲ್ ಪೈಪ್ ತನ್ನಿ. ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಗೋಡೆಗೆ ಕಟ್ಟಿ ನೀರು ತುಂಬಿ. ಒಂದು ತುದಿಯನ್ನು ಟಿ ಜಾಯಿಂಟ್ ಹಾಕಿ ಪಟ್ಟಿಯ ಟ್ಯೂಬಿಗೆ ಸೇರಿಸಿ. ಪಟ್ಟಿಯನ್ನು ಬಾಟಲಿಗೆ ಸುತ್ತಿ ಮೆಲ್ಲಗೆ ಗಾಳಿ ತುಂಬಿ. ಎರಡು ಕಡೆಯ ನೀರಿನ ಮಟ್ಟಕ್ಕೆ 68 ಸೆಂ.ಮೀ. ವ್ಯತ್ಯಾಸ ಬಂದಾಗ ಟ್ಯಾಬ್‌ನಲ್ಲಿ 50 ತೋರಿಸಬೇಕು. ಪಾದರಸ ನೀರಿಗಿಂತ 13.6 ಪಟ್ಟು ಭಾರ ಅಲ್ವಾ, ಅದಕ್ಕೆ.

ವಿಜ್ಞಾನ_ಟೀಚರ್

ಬಿ ಸೆಕ್ಷನ್ ಮುಗಿಸಿ ಬರೆಯುತ್ತಿದ್ದೇನೆ. ಏಳು ಮಕ್ಕಳು ಮುಂದೆ ಬಂದರು, ಏಳೂ ಜನಕ್ಕೆ ಅಂಕಿ ಬಂತು! ಒಬ್ಬ ಹುಡುಗನಿಗೆ 108/66. ಕೆಳಗಿನ ಅಂಕಿಗೆ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದರೆ ಸರಾಸರಿ ಒತ್ತಡ ಸುಮಾರು 80. ಗ್ರಾಫ್‌ನಲ್ಲಿ ಅತಿ ದೊಡ್ಡ ಅಲೆ 82ರ ಹತ್ತಿರ ಇತ್ತು. ಅದನ್ನು ಮಕ್ಕಳೇ ಹುಡುಕಿದರು. ಪುಸ್ತಕ ಪೇರಿಸಿ ತೋಳನ್ನು 20 ಸೆಂ.ಮೀ. ಎತ್ತಿದಾಗ ಮೇಲಿನ ಅಂಕಿ 13 ಇಳಿಯಿತು. ಲೆಕ್ಕದ ಪ್ರಕಾರ 15, 16 ಇಳಿಯಬೇಕಿತ್ತು. ಉಳಿದದ್ದು ಎಲ್ಲಿ ಹೋಯಿತು ಅಂತ ಬೆಲ್ ಆದ ಮೇಲೂ ವಾದ ನಡೆಯುತ್ತಿತ್ತು.

ಆ ಏಳು ಜನರಲ್ಲದೆ ಇನ್ನಿಬ್ಬರ ತೋಳು ಪಟ್ಟಿಯ ಅಳತೆಗಿಂತ ಸಣ್ಣ. ಅವರಿಗೆ ಅಳೆಯಲಿಲ್ಲ, ತಿರುಪು ಅವರ ಕೈಗೆ ಕೊಟ್ಟೆ. ಸೆಕೆಂಡಿಗೆ 3 ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ಅವರೇ. ಲೆವೆಲ್ ಪೈಪ್ ಸಿಕ್ಕಿದೆ, ಟಿ ಜಾಯಿಂಟ್ ಹುಡುಕುತ್ತಿದ್ದೇನೆ.