ಅಪ್ಪೆಹುಳಿಗೆ ಬಾಲ ಬಂದದ್ದು, ಮತ್ತು ಕಾಯುವ ಹೊತ್ತಿನ ಕಾಗುಣಿತ

ಎಲ್ಲರಿಗೂ ನಮಸ್ಕಾರ. ಹೋದ ವಾರ ಗುಂಪಿನಲ್ಲಿ ಒಬ್ಬರು ಕೇಳಿದ್ದರು: "ಮಗ ಕನ್ನಡ ಚೆನ್ನಾಗೇ ಮಾತಾಡ್ತಾನೆ, ಬರೆಯೋಕೆ ಕೂರಿಸಿದರೆ ಅಳ್ತಾನೆ. ಒಳ್ಳೇ ಆಪ್ ಯಾವುದಾದ್ರೂ ಇದೆಯಾ?" ಆಗ ನಾನು ಊರಿನಲ್ಲಿದ್ದೆ, ಶಿರಸಿ ಹತ್ತಿರದ ತವರುಮನೆಯಲ್ಲಿ. ಅಲ್ಲಿ ಫೋನಿಗೆ ಸಿಗ್ನಲ್ ಬೇಕು ಅಂದರೆ ತೋಟದ ಮೇಲಿನ ಧರೆ ಹತ್ತಬೇಕು, ಅದೂ ಮಳೆ ಬಿಟ್ಟಾಗ. ಮೊನ್ನೆ ಇಂಗ್ಲೆಂಡಿಗೆ ವಾಪಸ್ ಬಂದೆವು. ನಿದ್ದೆ ಇನ್ನೂ ಹಳಿಗೆ ಬಂದಿಲ್ಲ, ಬೆಳಗಿನ ನಾಲ್ಕಕ್ಕೆ ಎದ್ದು ಬರೆಯುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ಆಪ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ನಮಗೆ ಉಪಯೋಗಕ್ಕೆ ಬಂದದ್ದು ಎರಡೇ: ಫೋನಿನಲ್ಲಿ ಮೊದಲಿಂದಲೂ ಇದ್ದ ಕನ್ನಡ ಕೀಬೋರ್ಡು, ಮತ್ತೆ ನನ್ನ ಅಮ್ಮ.

ಶುರುವಾದದ್ದು ಹೀಗೆ. ಮಗಳಿಗೆ ಒಂಬತ್ತು ವರ್ಷ. ಅವಳು ಅಮ್ಮಮ್ಮನಿಗೆ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುತ್ತಿದ್ದಳು. ಇಂಗ್ಲಿಷಿನಲ್ಲಿ ಒತ್ತಿದರೆ ಫೋನು ಕನ್ನಡ ಮಾಡಿ ಕೊಡುತ್ತದಲ್ಲ, ಅದು. ಈ ಸಲ ಊರಿಗೆ ಹೋದ ಮೊದಲ ವಾರ ಕಾರವಾರದ ಅತ್ತೆ ಮನೆಯಲ್ಲಿದ್ದೆವು. ಹಿಂದಿನ ಬೇಸಿಗೆಯಲ್ಲಿ ಶಿರಸಿಯಲ್ಲಿ ತಿಂದದ್ದನ್ನು ನೆನೆಸಿಕೊಂಡು ಅಮ್ಮಮ್ಮನಿಗೆ ಬರೆದಳು: "ಅಮ್ಮಮ್ಮ, ನನಗೆ ಅಪ್ಪೆಹುಲಿ ಬೇಕು." ಅಪ್ಪೆಹುಳಿ ಅಂದರೆ ನಮ್ಮ ಕಡೆಯ ಮಾವಿನಕಾಯಿ ಸಾರು, ಅದು ಹುಲಿಯಾಗಿತ್ತು. ಅಮ್ಮ ತಕ್ಷಣ ಉತ್ತರ ಕಳಿಸಿದಳು: "ಬಾಲ ಬೇಕ, ಬ್ಯಾಡ್ದ ಕೂಸೆ?"

ನಾವೆಲ್ಲ ನಕ್ಕೆವು. ಮಗಳಿಗೆ ಮಾತ್ರ ಯಾಕೆ ಅಂತ ತಿಳಿಯಲಿಲ್ಲ. ಹುಲಿ, ಹುಳಿ ಎರಡನ್ನೂ ಹೇಳಿ ತೋರಿಸಿದೆ. "ಎರಡೂ ಒಂದೇ ಅಲ್ವಾ?" ಅಂದಳು. ಆಗ ನನಗೆ ಹೊಳೆಯಿತು, ಇವಳಿಗೆ ಬರೆಯೋದು ಕಷ್ಟ ಅಲ್ಲ, ಕೇಳಿಸೋದೇ ಕಷ್ಟ. ಇಂಗ್ಲಿಷಿನಲ್ಲಿ ಳ ಇಲ್ಲ, ಣ ಇಲ್ಲ. ನಾಲಿಗೆ ಹಿಂದಕ್ಕೆ ಮಡಚಿ ಮೇಲಕ್ಕೆ ತಾಗಿಸುವ ಅಭ್ಯಾಸ ಇಲ್ಲಿನ ಶಾಲೆಯಲ್ಲಿ ಎಲ್ಲಿ ಬರಬೇಕು? ಫೋನು ಬೇರೆ 'ಎಲ್' ಒತ್ತಿದರೆ ತಾನೇ ಊಹೆ ಮಾಡಿ ಲ ಕೊಡುತ್ತದೆ, ಇಲ್ಲ ಳ ಕೊಡುತ್ತದೆ. ಮಗು ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗುತ್ತದೆ. ಒಂದು ವರ್ಷದಿಂದ ಅವಳು ಕನ್ನಡ ಬರೆಯುತ್ತಿದ್ದಾಳೆ ಅಂತ ನಾನು ಬೀಗುತ್ತಿದ್ದೆ. ನಿಜಕ್ಕೂ ಅವಳು ಬರೆಯುತ್ತಿದ್ದದ್ದು ಇಂಗ್ಲಿಷ್ ಸ್ಪೆಲ್ಲಿಂಗು.

ಅವತ್ತು ರಾತ್ರಿ ಎರಡು ಕೆಲಸ ಮಾಡಿದೆ. ಒಂದು, ಇಂಗ್ಲಿಷ್ ಅಕ್ಷರದ ಕೀಬೋರ್ಡು ತೆಗೆದು ಅ ಆ ಇ ಈ ನೇರವಾಗಿ ಕಾಣುವ ಕನ್ನಡ ಕೀಬೋರ್ಡು ಹಾಕಿದೆ. ಎರಡು, ಸೆಟ್ಟಿಂಗ್ಸಿಗೆ ಹೋಗಿ ಪದ ಸೂಚಿಸುವುದನ್ನೂ ತಾನಾಗಿ ತಿದ್ದುವುದನ್ನೂ ಆಫ್ ಮಾಡಿದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಕೆ. ಪಿ. ರಾವ್ ಅವರ ಕೀಲಿಮಣೆ ಬಳಸಿರುತ್ತೀರಿ, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಅದೂ ಅಡ್ಡಿಯಿಲ್ಲ. ಅಕ್ಷರ ಇಂಗ್ಲಿಷ್ ಕೀ ಮೇಲೆ ಕೂತಿದ್ದರೂ ಅಲ್ಲಿ ಊಹೆ ಇಲ್ಲ. 'ಎಲ್' ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಯಾವುದು ಬೇಕು ಅಂತ ಬರೆಯುವವರೇ ತೀರ್ಮಾನ ಮಾಡಬೇಕು.

ಮಾರನೇ ದಿನ ಮಗಳ ಮುಖ ನೋಡಬೇಕಿತ್ತು. "ಇದರಲ್ಲಿ ತುಂಬಾ ಹೊತ್ತು ಬೇಕು ಅಮ್ಮಾ" ಅಂತ ಗೋಳು. ಹೊತ್ತು ನಮ್ಮ ಹತ್ತಿರ ಧಾರಾಳ ಇತ್ತು. ಮಳೆಗಾಲದಲ್ಲಿ ಊರಿಗೆ ಹೋಗುವವರಿಗೆ ಗೊತ್ತಲ್ಲ, ರಜೆಯ ಅರ್ಧ ಕಾಯುವುದರಲ್ಲೇ ಹೋಗುತ್ತದೆ. ಕಾರವಾರದಿಂದ ಕುಮಟಾಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಶಿರಸಿಗೆ ಹೋಗುವುದು ಅಂತ ಇತ್ತು. ಮಳೆಗಾಲಕ್ಕೆ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲು ಓಡುವುದೇ ನಿಧಾನ. ಅದರ ಮೇಲೆ ಅವತ್ತು ಇನ್ನೂ ತಡ. ಸ್ಟೇಷನ್ನಿನಲ್ಲಿ ಹೊರಗೆ ಮಳೆ, ಒಳಗೆ ನಾವು, ಎರಡು ಪ್ಯಾಕೆಟ್ ಬಿಸ್ಕತ್ತು ಖಾಲಿ.

ಮುಂದೆ ಬರುವ ಊರುಗಳ ಹೆಸರು ಬರಿ ಅಂದೆ. ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರ, ಭಟ್ಕಳ. ಸುಮ್ನೆ ಹೇಳಿದ್ದು, ಆಮೇಲೆ ನೋಡಿದರೆ ಯಾವ ಮಾಸ್ತರೂ ಇಷ್ಟು ಒಳ್ಳೆಯ ಪಟ್ಟಿ ಮಾಡಿರಲಾರರು. ಅಂಕೋಲಾದಲ್ಲಿ ಸೊನ್ನೆ, ಹೊನ್ನಾವರದಲ್ಲಿ ನಕ್ಕೆ ನ ಒತ್ತು, ಭಟ್ಕಳದಲ್ಲಿ ಮಹಾಪ್ರಾಣ, ಒತ್ತು, ಕೊನೆಗೆ ಒಂದು ಳ. ಗೋಕರ್ಣದಲ್ಲಿ ಅರ್ಕಾವತ್ತು.

ಗೋಕರ್ಣದ ಹತ್ತಿರ ಅವಳು ನಿಂತುಬಿಟ್ಟಳು. ಪುಸ್ತಕ ನೋಡಿ ಕಲಿತವಳು, ಮೊದಲು ಣ ಒತ್ತಿ ಆಮೇಲೆ ಆ ಕೊಂಡಿ ಎಲ್ಲಿದೆ ಅಂತ ಕೀಬೋರ್ಡು ಪೂರ್ತಿ ಹುಡುಕಿದಳು. ಸಿಗಲಿಲ್ಲ. "ಕಿವಿಗೆ ಯಾವುದು ಮೊದಲು ಕೇಳುತ್ತೆ?" ಅಂದೆ. ಬಾಯಲ್ಲೇ ಗೋ-ಕ-ರ್-ಣ ಅಂದುಕೊಂಡು ರ ಒತ್ತಿದಳು, ಆಮೇಲೆ ಅರ್ಧ ಮಾಡುವ ಗುರುತು, ಆಮೇಲೆ ಣ. ಪರದೆಯ ಮೇಲೆ ರ ತಾನಾಗಿ ಜಿಗಿದು ಣ ಹಿಂದೆ ಹೋಗಿ ಕೂತಿತು. ಕಿರುಚಿದಳು. ಪಕ್ಕದಲ್ಲಿ ಕೂತಿದ್ದವರು ಹಾವು ಬಂತೋ ಅಂತ ಕಾಲು ಮೇಲೆತ್ತಿದರು. ಫೋನಿನ ಯೂನಿಕೋಡಿನಲ್ಲಿ ಅಕ್ಷರ ಸಾಲಾಗಿ ನಿಲ್ಲುವುದು ನಾವು ಹೇಳುವ ಕ್ರಮದಲ್ಲಿ, ಕಣ್ಣಿಗೆ ಕಾಣುವ ಕ್ರಮದಲ್ಲಿ ಅಲ್ಲ. ಅರ್ಕಾವತ್ತು ಎಲ್ಲಿ ಬರೆಯಬೇಕು ಅಂತ ನಾನು ಎರಡು ವರ್ಷ ಭಾನುವಾರ ಭಾನುವಾರ ಹೇಳಿಕೊಟ್ಟಿದ್ದೆ. ಆ ಸ್ಟೇಷನ್ನಿನಲ್ಲಿ ಹತ್ತು ನಿಮಿಷಕ್ಕೆ ಅದು ಮುಗಿಯಿತು.

ಆಮೇಲೆ ಅವಳೇ ಒಂದು ಆಟ ಕಟ್ಟಿದಳು: ಬರೆದದ್ದನ್ನು ಅಳಿಸುವ ಆಟ. ನಮ್ಮ ಫೋನಿನಲ್ಲಿ ಅಳಿಸುವ ಕೀ ಒಂದೊಂದೇ ತುಣುಕು ಅಳಿಸುತ್ತದೆ. 'ಲಕ್ಷ್ಮಿ' ಅಂತ ಬರೆದು ಹಿಂದಿನಿಂದ ಬಿಚ್ಚುತ್ತಾ ಹೋದಳು. ಕಣ್ಣಿಗೆ ಎರಡೇ ಅಕ್ಷರ, ಒತ್ತಬೇಕಾದದ್ದು ಏಳು ಸಲ. ಗುಡಿಸು ಹೋಯಿತು, ಮ ಹೋಯಿತು, ಹೀಗೆ. ಒತ್ತಕ್ಷರ ಅಂದರೆ ಒಂದರ ಕಾಲಿಗೆ ಒಂದು ಕಟ್ಟಿದ ಮೂಟೆ ಅಂತ ನಾನು ಹೇಳಬೇಕಾಗಿ ಬರಲಿಲ್ಲ. ಯಾವ ಊರಿನ ಹೆಸರು ಒಡೆಯಲು ಅತಿ ಜಾಸ್ತಿ ಏಟು ಬೇಕು ಅನ್ನುವ ಪಂದ್ಯದಲ್ಲಿ ಮುರ್ಡೇಶ್ವರ ಗೆದ್ದಿತು.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ನಾನೇ ಸೋತೆ. ಹಳ್ಳಿಯ ಬಸ್ಸಿಗೆ ಕಾಯುತ್ತಾ ಎದುರಿಗಿನ ಬೋರ್ಡುಗಳನ್ನು ಬರೆಯುತ್ತಿದ್ದಳು. ಒಂದು ಕಡೆ 'ಶಿರಸಿ', ಒಂದು ಅಂಗಡಿಯಲ್ಲಿ 'ಸಿರ್ಸಿ', ಇನ್ನೊಂದರಲ್ಲಿ 'ಶಿರ್ಸಿ'. "ಯಾವುದು ಸರಿ?" ಸರ್ಕಾರಿ ಕಾಗದದಲ್ಲಿ ಶಿರಸಿ, ಬಾಯಲ್ಲಿ ಸಿರ್ಸಿ ಅಂದೆ. "ಹಾಗಾದ್ರೆ ನನ್ನ ಸ್ಪೆಲ್ಲಿಂಗ್ ತಪ್ಪು, ಊರಿನವರದ್ದು ತಪ್ಪಲ್ವಾ?" ಇದಕ್ಕೆ ಏನು ಹೇಳುತ್ತೀರಿ? ಕಾರವಾರ-ಕಾರ್ವಾರ, ಅಂಕೋಲಾ-ಅಂಕೋಲೆ, ಕುಮಟಾ-ಕುಮಟೆ, ನಮ್ಮ ಜಿಲ್ಲೆಯ ಅರ್ಧ ಊರುಗಳಿಗೆ ಎರಡೆರಡು ಹೆಸರು. ಕನ್ನಡದಲ್ಲಿ ಹೇಳಿದ ಹಾಗೆ ಬರೆಯುತ್ತೇವೆ, ಇಂಗ್ಲಿಷಿನ ಹಾಗಲ್ಲ ಅಂತ ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಅದು ಪೂರ್ತಿ ನಿಜ ಅಲ್ಲ. ಯಾರು ಹೇಳಿದ ಹಾಗೆ? ನಮ್ಮ ಮನೆಯ ಹವ್ಯಕ ಮಾತಿನ ಹಾಗಾ, ಅತ್ತೆ ಮನೆಯ ಕೊಂಕಣಿ ಬೆರೆತ ಕನ್ನಡದ ಹಾಗಾ? ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಅಮ್ಮಮ್ಮನಿಗೆ ಬರೆಯುವಾಗ ಮನೆಮಾತಿನಲ್ಲೇ ಬರೆಯಲಿ, 'ಇಲ್ಲೆ' ಅಂತ ಬರೆದರೆ 'ಇಲ್ಲ' ಅಂತ ತಿದ್ದುವುದಿಲ್ಲ. ಲ ಳ, ನ ಣ, ಹ್ರಸ್ವ ದೀರ್ಘ ತಪ್ಪಿದರೆ ಮಾತ್ರ ತಿದ್ದುತ್ತೇನೆ. ಭಾನುವಾರದ ಕ್ಲಾಸಿನ ಟೀಚರಿಗೆ ಇದು ಇಷ್ಟವಾಗಲಿಕ್ಕಿಲ್ಲ.

ಈಗ ಅಮ್ಮನ ವಿಷಯ. ಅಮ್ಮ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ನಾವು ಕಾರವಾರದಲ್ಲಿದ್ದಾಗಲೇ ದಿನಾ ಐದು ಪದಗಳ ಉಕ್ತಲೇಖನ ಶುರುಮಾಡಿದ್ದಳು, ವಾಯ್ಸ್ ಮೆಸೇಜಿನಲ್ಲಿ. ಇವಳು ಕೇಳಿ, ಟೈಪು ಮಾಡಿ ಕಳಿಸಬೇಕು. ಒಂದು ದಿನ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಹೋಗಿದ್ದೆವು. ಹತ್ತೂವರೆಗೆ ಬನ್ನಿ ಅಂದವರು ಒಳಗೆ ಕರೆದದ್ದು ಒಂದು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಮಗಳು ಐದಕ್ಕೆ ಐದು ಸರಿ ಕಳಿಸಿದಳು. ಇನ್ನೈದು ಬಂತು, ಅದೂ ಸರಿ. ನನಗೆ ಅನುಮಾನ ಬಂದದ್ದೇ ಆಗ. ನೋಡಿದರೆ ಮೈಕಿನ ಗುರುತು ಒತ್ತಿ ಪದ ಹೇಳುತ್ತಿದ್ದಾಳೆ, ಬರೆಯುತ್ತಿರುವುದು ಫೋನು!

ಅಮ್ಮನಿಗೆ ಚಾಡಿ ಹೇಳಿದೆ. ಅಮ್ಮ ಬೈಯಲಿಲ್ಲ. ಮಾರನೇ ದಿನದಿಂದ ಅರ್ಥವೇ ಇಲ್ಲದ ಪದ ಕಳಿಸತೊಡಗಿದಳು: ಲೊಳಂಬ, ಗುಳ್ಳಣಿಕ, ತಿಣ್ಣಾಳು. ಮೈಕಿಗೆ ಲೊಳಂಬ ಅಂದರೆ ಫೋನು ತನಗೆ ಗೊತ್ತಿರುವ ಇನ್ನೇನೋ ಬರೆಯುತ್ತದೆ. ಕಿವಿ ಕೊಟ್ಟು ಕೇಳದೆ ಬೇರೆ ದಾರಿ ಇಲ್ಲ. ಅಮ್ಮನಿಗೆ ಗೊತ್ತಿಲ್ಲದೆಯೇ ಇಲ್ಲಿನ ಉಪಾಯ ಅವಳಿಗೆ ಹೊಳೆದಿತ್ತು ನೋಡಿ. ಇಂಗ್ಲೆಂಡಿನಲ್ಲಿ 2012ರಿಂದ ಇಯರ್ ಒನ್ ಮಕ್ಕಳಿಗೆ, ಅಂದರೆ ಐದಾರು ವರ್ಷದವರಿಗೆ, ಫೋನಿಕ್ಸ್ (ಅಕ್ಷರದ ಸದ್ದು ಕೂಡಿಸಿ ಓದುವ) ಪರೀಕ್ಷೆ ಇದೆಯಲ್ಲ, ಅದರಲ್ಲಿ 40 ಪದ ಓದಿಸುತ್ತಾರೆ, 20 ಪದಗಳಿಗೆ ಅರ್ಥವೇ ಇರುವುದಿಲ್ಲ. ಬಾಯಿಪಾಠ ಮಾಡಿ ದಾಟಲು ಆಗಬಾರದು ಅಂತ. ಅದು ಓದುವುದಕ್ಕೆ, ಅಮ್ಮನದು ಬರೆಯುವುದಕ್ಕೆ.

ಮಗಳು ಆ ಪದಗಳಿಗೆ ಅರ್ಥ ಕೊಡುತ್ತಾ ಹೋದಳು. ಲೊಳಂಬ ಅಂದರೆ ಅಡಿಕೆ ತೋಟದಲ್ಲಿ ಇರುವ ಪ್ರಾಣಿ, ಉಂಬಳ (ಜಿಗಣೆ) ತಿಂದು ಬದುಕುತ್ತದೆ. ಉಂಬಳದ ಳ ಅವಳು ಒಂದು ಸಲವೂ ತಪ್ಪಲಿಲ್ಲ. ಶಿರಸಿಗೆ ಹೋದ ಎರಡನೇ ದಿನವೇ ಎರಡು ಕಾಲಿಗೂ ಹತ್ತಿತ್ತು.

ಅಂದಹಾಗೆ ಕಾಳಿ ನದಿಯ ಕಥೆ ಬಿಟ್ಟೆ. ಗೋವಾದಿಂದ ಬರುವಾಗ ಕಾರವಾರದ ಸೇತುವೆ ಹತ್ತಿರ ವಾಹನ ನಿಂತಿದ್ದವು. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದು ಬಿದ್ದದ್ದನ್ನು ಅವಳ ಅಪ್ಪ ತೋರಿಸಿ ಹೇಳುತ್ತಿದ್ದರು. ಇವಳು ಫೋನಿನಲ್ಲಿ ಫೋಟೋ ತೆಗೆದು ಕೆಳಗೆ 'ಕಾಲಿ ನದಿ' ಅಂತ ಬರೆದಿದ್ದಳು. ನೀರು ದಡ ಮುಟ್ಟಿ ಕೆಂಪಗೆ ಹರಿಯುತ್ತಿತ್ತು. ಹಿಂದೆ ಹೋಗುವಾಗ ಅದೇ ಫೋಟೋ ತೆರೆದು ತಾನೇ ತಿದ್ದಿದಳು. ನಾನು ಹೇಳಿರಲಿಲ್ಲ.

ಫೋನು ಕೊಟ್ಟು ಮಕ್ಕಳನ್ನು ಕೂರಿಸುವುದು ಸರಿಯಾ ಅಂತ ಕೆಲವರು ಕೇಳುತ್ತೀರಿ. ಅತ್ತೆಯೂ ಕೇಳಿದರು, ಡಾಕ್ಟರ ಬಾಗಿಲಲ್ಲೇ, ಗಟ್ಟಿಯಾಗಿ. ತೀರಾ ಚಿಕ್ಕವರಿಗೆ ನಾನೂ ಕೊಡಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, 2ರಿಂದ 4 ವರ್ಷದವರಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ನಮ್ಮ ಮನೆಯ ನಿಯಮ ಇಷ್ಟೇ: ಕಾಯುವ ಹೊತ್ತಿನಲ್ಲಿ ಮಾತ್ರ, ನೆಟ್ ಆಫ್ ಮಾಡಿ. ಕೀಬೋರ್ಡು ನೆಟ್ ಇಲ್ಲದೆಯೂ ನಡೆಯುತ್ತದೆ. ಬರೆದದ್ದು ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ವಿಡಿಯೋ ಮಾತ್ರ ಬರಲ್ಲ. ಈ ವಿಷಯದಲ್ಲಿ ಶಿರಸಿಯ ಮಳೆ ನನಗಿಂತ ಕಟ್ಟುನಿಟ್ಟು.

ಒಂದು ಕೊರತೆ ಹೇಳಿಬಿಡುತ್ತೇನೆ. ಕಾಗದದ ಮೇಲೆ ಪೆನ್ಸಿಲ್ ಹಿಡಿದರೆ ಅವಳ ಅಕ್ಷರ ಈಗಲೂ ಕೋಳಿ ಕೆದರಿದ ಹಾಗಿದೆ. ಥ ಮತ್ತು ಧ ನೋಡಿದರೆ ಗೊತ್ತಾಗಲ್ಲ, ಚುಕ್ಕಿಯನ್ನು ಮನಸ್ಸಿಗೆ ಬಂದ ಕಡೆ ಇಡುತ್ತಾಳೆ. ಬೆರಳಿನಲ್ಲಿ ಪರದೆಯ ಮೇಲೆ ಬರೆಯುವ ಕೈಬರಹದ ಕೀಬೋರ್ಡು ಹಾಕಿ ನೋಡಿದೆ. ಅದು ಅವಳ ವಕ್ರ ಅಕ್ಷರವನ್ನೂ ಅರ್ಥ ಮಾಡಿಕೊಂಡು ನೆಟ್ಟಗೆ ಮಾಡಿ ಕೊಡುತ್ತದೆ, ಮತ್ತೆ ಅದೇ ಕಥೆ. ಇದಕ್ಕೆ ನಿಮ್ಮಲ್ಲಿ ಯಾರಾದರೂ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ಬರೆಯಿರಿ. ಕಾಪಿ ಪುಸ್ತಕ ಅಂತ ಮಾತ್ರ ಹೇಳಬೇಡಿ, ಮೂರು ಕೊಂಡಿದ್ದೇನೆ, ಮೂರೂ ಹೊಸದಾಗೇ ಇವೆ.

ಇಷ್ಟು ಬರೆಯುವಷ್ಟರಲ್ಲಿ ಅವಳೂ ಎದ್ದು ಬಂದು ಪಕ್ಕದಲ್ಲಿ ಕೂತಿದ್ದಾಳೆ. ಊರಿನಲ್ಲಿ ಈಗ ಎಂಟೂವರೆ ದಾಟಿದೆ, ಅಮ್ಮ ಆಸ್ರಿ (ಬೆಳಗಿನ ತಿಂಡಿ) ಮುಗಿಸಿ ಕೂತಿರುತ್ತಾಳೆ. ಇವಳು ಬರೆದದ್ದು: "ಅಮ್ಮಮ್ಮ, ಲೊಳಂಬ ನನ್ನ ಬ್ಯಾಗಿನಲ್ಲಿ ಬಂದಿದೆ. ಇಲ್ಲಿ ಉಂಬಳ ಇಲ್ಲೆ. ಏನು ಕೊಡಲಿ?" ಎರಡು ನೀಲಿ ಗೆರೆ ಬಂದಿದೆ. ಅಮ್ಮ ಏನೋ ರೆಕಾರ್ಡ್ ಮಾಡುತ್ತಿದ್ದಾಳೆ.