ಪದ ಬೇಕಿದೆ: ರ‍್ಯಾಮ್ ‘ರೀಸೀಟ್’ ಮಾಡಿ ಎನ್ನುವುದಕ್ಕೆ

ಎಲ್ಲರಿಗೂ ನಮಸ್ಕಾರ. ‘ರೀಸೀಟ್’ ಅಂದರೆ ರ‍್ಯಾಮ್ (ಮೆಮೊರಿ ಪಟ್ಟಿ) ಹೊರತೆಗೆದು ಅದರ ಜಾಗದಲ್ಲೇ ಮತ್ತೆ ಹಾಕುವುದು. ಲ್ಯಾಪ್‌ಟಾಪಿಗೆ ಹೊಸ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಗೇ ಉಳಿದರೆ ಏನು ಮಾಡಬೇಕು ಎಂಬ ಒಂದು ಹಾಳೆ, ಕಾಲೇಜಿನ ಲ್ಯಾಬಿನ ಗೋಡೆಗೆ ಅಂಟಿಸಲು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕರಡು ಹೀಗಿದೆ:

“ಚಾರ್ಜರ್ ತೆಗೆಯಿರಿ. ತಳದ ಮುಚ್ಚಳ ಬಿಚ್ಚಿ ಬ್ಯಾಟರಿ ಕನೆಕ್ಟರ್ ಬಿಡಿಸಿ. ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ರ‍್ಯಾಮ್ ಮರುಸ್ಥಾಪಿಸಿ.”

‘ಮರುಸ್ಥಾಪಿಸಿ’ ಸರಿಯೇ? ಪರದೆ ಅಲುಗುವ, ಆರಿ ಹತ್ತುವ ‘ಫ್ಲಿಕರ್’ ದೋಷಕ್ಕೆ ‘ಮಿನುಗು’ ಹಾಕಿದ್ದೇನೆ. ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

———
ಮೈಸೂರಿನಿಂದ:

ಇದು ಅರಿಸಮಾಸ, ಕನ್ನಡ-ಸಂಸ್ಕೃತ ಪದಗಳ ಸಲ್ಲದ ಬೆರಕೆ. ‘ಮರು’ ಕನ್ನಡ, ‘ಸ್ಥಾಪನೆ’ ಸಂಸ್ಕೃತ. ‘ಪುನಃಸ್ಥಾಪಿಸಿ’ ಎಂದು ತಿದ್ದಿಕೊಳ್ಳಿ. ಇದರಲ್ಲಿ ಚರ್ಚೆಗೇನೂ ಇಲ್ಲ.

———
ಬೆಂಗಳೂರಿನಿಂದ:

ಸಮಾಸ ಆಮೇಲೆ ನೋಡೋಣ. ಎರಡೂ ಪದ ಇಲ್ಲಿ ತಪ್ಪು ಕೆಲಸ ಮಾಡಿಸುತ್ತವೆ. ಫೋನಿನ ಕನ್ನಡ ಮೆನುಗಳಲ್ಲಿ ‘ಮರುಸ್ಥಾಪಿಸಿ’ ಅಂದರೆ ಅಳಿದದ್ದನ್ನು ವಾಪಸ್ ತರುವುದು. ಹಾಳೆ ಓದಿದ ಹುಡುಗರು ವಿಂಡೋಸ್ ಮತ್ತೆ ಹಾಕಬೇಕೇನೋ ಅಂದುಕೊಳ್ಳುತ್ತಾರೆ.

‘ತೆಗೆದು ಕೂರಿಸಿ’ ಎನ್ನಿ. ಉಂಗುರಕ್ಕೆ ಹರಳು ಕೂರಿಸುತ್ತೇವಲ್ಲ, ಅದೇ ಮಾತು: ತನ್ನ ಗೂಡಿನಲ್ಲಿ ಅಲುಗದೆ ನಿಲ್ಲಬೇಕು. ಹೇಗೆ ಎಂಬುದನ್ನೂ ಬರೆಯಿರಿ. ಎರಡೂ ಬದಿಯ ಕ್ಲಿಪ್ಪು ಹೊರಕ್ಕೆ ಸರಿಸಿದರೆ ಪಟ್ಟಿ ತಾನೇ ಓರೆಯಾಗಿ ಮೇಲೇಳುತ್ತದೆ. ಹಾಕುವಾಗಲೂ ಅದೇ ಓರೆ, ಸುಮಾರು 30 ಡಿಗ್ರಿ. ಸ್ಲಾಟಿನೊಳಕ್ಕೆ ಪೂರಾ ತಳ್ಳಿ. ಚಿನ್ನದ ಬಣ್ಣದ ಅಂಚು ಹೆಚ್ಚುಕಡಿಮೆ ಮರೆಯಾಗಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಕಡೆ ಟಕ್ ಎನ್ನುತ್ತದೆ. ಸರಿಯಾಗಿ ತಳ್ಳದೆ ಒತ್ತಿದರೆ ಕ್ಲಿಪ್ಪೇನೋ ಕಚ್ಚಿಕೊಂಡಂತೆ ಕಾಣಬಹುದು, ಆದರೆ ಅಂಚು ಪೂರ್ತಿ ತಾಗಿರುವುದಿಲ್ಲ. ಎಷ್ಟೋ ಸಲ ಪರದೆ ಬಾರದಿರುವುದು ಇದರಿಂದಲೇ.

ಇನ್ನೊಂದು ಸಾಲು ಸೇರಲೇಬೇಕು. ಡಿಡಿಆರ್5 ಎಂಬ ಬಗೆಯ ರ‍್ಯಾಮ್ ಹಾಕಿದಾಗ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಗಿರಬಹುದು. ಯಂತ್ರ ಹೊಸ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತದೆ. ಕೆಟ್ಟಿತೆಂದು ಆಗ ಆಫ್ ಮಾಡಬಾರದು.

———
ಧಾರವಾಡದಿಂದ:

> ‘ತೆಗೆದು ಕೂರಿಸಿ’

ಇದು ನಿಮ್ಮ ಕಡೆಯ ಮಾತು. ನಮ್ಮಲ್ಲಿ ಕೂಡಿಸು, ಕುಂದರಿಸು. ಗೋಡೆಗೆ ಹಚ್ಚುವ ಹಾಳೆಗೆ ಬೆಂಗಳೂರಿನ ಬಾಯಿಮಾತೇ ಯಾಕೆ? ಎಲ್ಲರಿಗೂ ಸಲ್ಲುವ ‘ಕುಳ್ಳಿರಿಸಿ’ ಇದೆ.

———
ಬೆಂಗಳೂರಿನಿಂದ:

‘ಕೂಡಿಸಿ’ ಎಂದು ಬರೆದರೆ ಈ ಕಡೆಯವರು ಇನ್ನೊಂದು ರ‍್ಯಾಮ್ ತಂದು ಸೇರಿಸುತ್ತಾರೆ. ‘ಕುಳ್ಳಿರಿಸಿ’ ಮನುಷ್ಯರಿಗೆ. ಹರಳನ್ನು ಯಾರೂ ಕುಳ್ಳಿರಿಸುವುದಿಲ್ಲ.

———
ಮೈಸೂರಿನಿಂದ:

ಕ್ಲಿಪ್ಪು, ಸ್ಲಾಟು, ಕನೆಕ್ಟರು. ಇಷ್ಟಾದ ಮೇಲೆ ಕನ್ನಡವೆಂದು ಉಳಿದದ್ದೇನು? ‘ಸ್ಲಾಟ್’ಗೆ ‘ಸೀಳುಗಂಡಿ’ ಎನ್ನಲು ಏನಡ್ಡಿ?

———
ಧಾರವಾಡದಿಂದ:

ಅಂಗಡಿಗೆ ಹೋಗಿ ಸೀಳುಗಂಡಿ ಕೇಳಿದರೆ ಯಾರಿಗೂ ತಿಳಿಯದು, ಅದೇ ಅಡ್ಡಿ. ಕುರ್ಚಿ ಅರಬ್ಬಿಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ. ಅವುಗಳಿಂದ ಕನ್ನಡ ಬಡವಾಗಲಿಲ್ಲ. ಹೆಸರು ಎಲ್ಲಿಂದಲಾದರೂ ಬರಲಿ, ಕ್ರಿಯಾಪದ ಕೈ ಬಿಡಬಾರದು. ಆ ಕಾರಣಕ್ಕೇ ‘ಕೂರಿಸಿ’ಗೆ ಒಪ್ಪಿದೆ, ಮನಸ್ಸಿಲ್ಲದಿದ್ದರೂ.

‘ಮಿನುಗು’ ಮಾತ್ರ ಖಂಡಿತ ಬೇಡ. ಮಿನ್ ಎಂಬ ಬೇರಿನಿಂದ ಮಿಂಚು, ಮಿನುಗು, ಮಿಣುಕು, ತಮಿಳಿನ ಮಿನ್ನಲ್ ಎಲ್ಲ ಬಂದಿವೆ. ಎಲ್ಲವೂ ಹೊಳಪಿನ ಪದಗಳು. ಪರದೆಯ ದೋಷ ಹೊಳಪಲ್ಲ. ಚಿತ್ರ ಕುಣಿದರೆ ‘ಅದುರುತ್ತದೆ’, ಬೆಳಕು ಆರಿ ಹತ್ತಿದರೆ ‘ಹೋಗಿ ಬಂದು ಮಾಡುತ್ತದೆ’.

———
ಬೆಂಗಳೂರಿನಿಂದ:

ಇದಕ್ಕೆ ನನ್ನದೂ ಸಹಿ, ದೋಷವೂ ಬೇರೆಬೇರೆ ಇರುವುದರಿಂದ. ಪರದೆಯಿರುವ ಮುಚ್ಚಳ ಹಿಂದೆಮುಂದೆ ಮಾಡಿದಾಗ ಹೋಗಿ ಬಂದು ಮಾಡಿದರೆ ಹಿಂಜಿನೊಳಗೆ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ನೋಡಬೇಕು, ರ‍್ಯಾಮ್ ಅಲ್ಲ. ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಪರದೆಯ ಹಿಂಬೆಳಕು (ಬ್ಯಾಕ್‌ಲೈಟ್) ಹೋಗಿದೆ. ಎಚ್‌ಡಿಎಂಐನಲ್ಲಿ ಜೋಡಿಸಿದ ಹೊರಗಿನ ಮಾನಿಟರಿನಲ್ಲಿ ಚಿತ್ರ ಸರಿಯಾಗಿ ಬಂದರೆ ರ‍್ಯಾಮ್ ಮತ್ತೆ ಬಿಚ್ಚಬೇಕಿಲ್ಲ.

———
ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆ. ಅಚ್ಚಿಗೆ ಹೋಗುವ ಸಾಲು: “ರ‍್ಯಾಮ್ ತೆಗೆದು, ಓರೆಯಾಗಿ ಪೂರಾ ತಳ್ಳಿ, ಟಕ್ ಎನ್ನುವಂತೆ ಒತ್ತಿ ಕೂರಿಸಿ. ಬ್ಯಾಟರಿ ಜೋಡಿಸಿ, ಆನ್ ಮಾಡಿ, ಕೆಲವು ನಿಮಿಷ ಕಾಯಿರಿ.” ಸ್ಲಾಟ್ ಹಾಗೇ ಇರುತ್ತದೆ.